ಮೊಲಕ್ಕೂ ಕೊಂಬುಂಟು: ಗುಡ್ಡದ ಬರಗಾಲದ ಗಿಡವನ್ನು ಹೊಲದ ಬದುವಿಗೆ ತರೋಣ



ನಾವು ಗುರುಮಠದಲ್ಲಿ ಭಾರತೀಯ ತತ್ತ್ವಶಾಸ್ತ್ರ ಓದುತ್ತಿದ್ದಾಗ, ಜಗತ್ತಿನಲ್ಲಿ ಇಲ್ಲವೇ ಇಲ್ಲದ ವಸ್ತುವಿಗೆ ಉದಾಹರಣೆ ಕೊಡಬೇಕಾದರೆ ನಮ್ಮ ಉಪಾಧ್ಯಾಯರು ಎರಡನ್ನು ಹೇಳುತ್ತಿದ್ದರು. ಒಂದು ಆಕಾಶದ ಹೂವು, ಇನ್ನೊಂದು ಮೊಲದ ಕೊಂಬು. ಪರೀಕ್ಷೆಯಲ್ಲಿಯೂ ನಾವು ಹಾಗೆಯೇ ಬರೆದು ಅಂಕ ಪಡೆದೆವು.

ಬಹಳ ವರ್ಷಗಳ ನಂತರ ಮಡಕಶಿರಾ ಸೀಮೆಯ ಒಂದು ಹಳ್ಳಿಗೆ ಮನೆ ಭೇಟಿಗೆ ಹೋಗಿದ್ದೆವು. ಆ ಮನೆಯ ಅಜ್ಜಿ ರಾಗಿ ಮುದ್ದೆಯ ಪಕ್ಕ ಒಂದಿಷ್ಟು ಹಸಿರು ಚಟ್ನಿ ಬಡಿಸಿ, "ತಿನ್ನಿ ಸ್ವಾಮಿ, ಮೊಲದ ಕೊಂಬಿನ ಚಟ್ನಿ" ಎಂದರು. ನಮಗೆ ನಗು ತಡೆಯಲಿಲ್ಲ. ಮೊಲಕ್ಕೆ ಕೊಂಬಿಲ್ಲವೆಂದು ಓದಿದ್ದೇವೆ ಅಜ್ಜಿ ಎಂದೆವು. ಅಜ್ಜಿ ನಗಲಿಲ್ಲ. "ಓದಿದೋರು ಹಂಗೇ ಅಂತಾರೆ ಸ್ವಾಮಿ. ಗುಡ್ಡ ಹತ್ತಿದೋರು ಅನ್ನಲ್ಲ" ಎಂದು ಇನ್ನೊಂದು ತುತ್ತು ಬಡಿಸಿದರು.

ಕಹಿ, ಹುಳಿ, ಖಾರ ಮೂರೂ ಸೇರಿದ ಆ ಚಟ್ನಿಯ ಗಿಡವನ್ನು ಕುರಿತೇ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ. ಅದು ನಮ್ಮ ಗುಡ್ಡಗಳಿಂದ ಮರೆಯಾಗುತ್ತಿದೆ. ಹಾಗೆ ಮರೆಯಾಗುವುದರಲ್ಲಿ ನಮ್ಮ ಪಾಲೂ ಇದೆ. ಅದನ್ನು ಮುಚ್ಚಿಡದೆ ಮುಂದೆ ಹೇಳುತ್ತೇವೆ.

ಗಿಡದ ಪರಿಚಯ

ತೆಲುಗಿನವರು ಇದನ್ನು ಕುಂದೇಟಿ ಕೊಮ್ಮುಲು ಎನ್ನುತ್ತಾರೆ. ಅದನ್ನೇ ಕನ್ನಡದಲ್ಲಿ ಹೇಳಿದರೆ ಮೊಲದ ಕೊಂಬು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ಯಾರಲುಮ. ಸ್ಕಾಟ್ಲೆಂಡಿನಿಂದ ಬಂದ ವೈದ್ಯ ವಿಲಿಯಂ ರಾಕ್ಸ್‌ಬರ್ಗ್ ಅವರು 1795ರಲ್ಲಿ ಹೊರಬರತೊಡಗಿದ ತಮ್ಮ ಕೋರಮಂಡಲ ತೀರದ ಸಸ್ಯಗಳ ಗ್ರಂಥದಲ್ಲಿ ಇದನ್ನು ಚಿತ್ರಸಹಿತ ವರ್ಣಿಸಿದರು. ಅವರು ಬರೆದುಕೊಂಡಿದ್ದ ತೆಲುಗು ಹೆಸರಿನಿಂದಲೇ ಕ್ಯಾರಲುಮ ಎಂಬ ಹೆಸರು ಹುಟ್ಟಿತೆಂದು ಹೇಳುತ್ತಾರೆ. ಅಂದರೆ ಲೋಕದ ಪುಸ್ತಕಗಳಲ್ಲೆಲ್ಲ ಇರುವ ಈ ಹೆಸರು ನಮ್ಮ ನೆರೆಯ ಭಾಷೆಯ ಹಳ್ಳಿಗರು ಕೊಟ್ಟದ್ದು.

ಗಿಡ ಒಂದು ಗೇಣಿನಿಂದ ಒಂದೂವರೆ ಅಡಿ ಎತ್ತರ. ಎಲೆ ಇದೆ ಎನ್ನಲಾಗದಷ್ಟು ಚಿಕ್ಕದು, ಅದೂ ಬೇಗ ಉದುರಿಹೋಗುತ್ತದೆ. ದಂಟು ನಾಲ್ಕು ಮೂಲೆಯದು, ಬೂದು ಮಿಶ್ರಿತ ಹಸಿರು, ಕಿರುಬೆರಳ ದಪ್ಪ. ಮೇಲೆ ಹೋದಂತೆ ಸಣ್ಣಗಾಗುತ್ತದೆ. ಮಳೆ ಬಿದ್ದ ಮೇಲೆ ತುದಿಯ ಕಡೆ ನೇರಳೆ ಬಣ್ಣದ, ಅಂಚಿಗೆ ಸಣ್ಣ ಕೂದಲಿರುವ ಹೂಗಳು ಬರುತ್ತವೆ. ಜೇನು ಇವುಗಳ ಹತ್ತಿರ ಸುಳಿಯುವುದು ಕಡಿಮೆ, ಪರಾಗಸ್ಪರ್ಶದ ಕೆಲಸ ನೊಣಗಳದ್ದು. ಆಮೇಲೆ ಜೋಡಿ ಜೋಡಿಯಾಗಿ ಸಣ್ಣನೆಯ ಉದ್ದ ಕಾಯಿಗಳು ನೆಟ್ಟಗೆ ನಿಲ್ಲುತ್ತವೆ. ಕಾಯಿ ಒಡೆದರೆ ಎಕ್ಕದ ಬೀಜದಂತೆ ರೇಷ್ಮೆಯ ಎಳೆ ಕಟ್ಟಿಕೊಂಡ ಬೀಜ ಗಾಳಿಗೆ ಹಾರಿಹೋಗುತ್ತದೆ. ಎಕ್ಕವೂ ಇದೂ ಒಂದೇ ಕುಟುಂಬ. ಇದರ ಅಣ್ಣನಂತಿರುವ ಇನ್ನೊಂದು ಜಾತಿ ಉಂಟು. ಅದರ ದಂಟು ಇನ್ನೂ ದಪ್ಪ. ತುದಿಯಲ್ಲಿ ಕಪ್ಪು ಹೂಗಳು ಚೆಂಡಿನಂತೆ ಗುಂಪಾಗಿ ಬಂದು ಕೆಟ್ಟ ವಾಸನೆ ಬೀರುತ್ತವೆ. ಅದಕ್ಕೂ ಜನ ಮೊಲದ ಕೊಂಬೆಂದೇ ಹೇಳುವುದುಂಟು.

ಗುರುತು ತಪ್ಪಬಾರದು. ದಂಟು ಮುರಿದು ನೋಡಿ. ಮೊಲದ ಕೊಂಬಿನಿಂದ ತಿಳಿಯಾದ ನೀರು ಒಸರುತ್ತದೆ. ಬಿಳಿಯ ಹಾಲು ಬಂದರೆ ಅದು ಕಳ್ಳಿ. ಕಳ್ಳಿಯ ಹಾಲು ಬಾಯಿ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ನಾಲ್ಕು ಮೂಲೆಯ ದಂಟು ಬಳ್ಳಿಯಾಗಿ ಹಬ್ಬಿ, ಗೆಣ್ಣಿನಲ್ಲಿ ಎಲೆಯೂ ಕುಡಿಬಳ್ಳಿಯೂ ಇದ್ದರೆ ಅದು ಮಂಗರವಳ್ಳಿ. ಮಕ್ಕಳಿಗೆ ಈ ವ್ಯತ್ಯಾಸವನ್ನು ಗಿಡ ತೋರಿಸಿಯೇ ಕಲಿಸಬೇಕು.

ಹಗಲು ಬಾಗಿಲು ಮುಚ್ಚುವ ಗಿಡ

ನಮ್ಮ ಸೀಮೆಯ ಮಳೆಯ ವಿಷಯ ನಿಮಗೆ ಹೇಳಬೇಕಿಲ್ಲ. ನೈಋತ್ಯದ ಮಳೆ ಪಶ್ಚಿಮ ಘಟ್ಟದ ಆಚೆಗೇ ಸುರಿದು ಬರಿಗೈಯಲ್ಲಿ ನಮ್ಮ ಕಡೆ ಬರುತ್ತದೆ. ಈಶಾನ್ಯದ ಮಳೆ ನಾವಿರುವಷ್ಟು ದೂರ ಬರುವ ಹೊತ್ತಿಗೆ ದಣಿದಿರುತ್ತದೆ. ಎರಡೂ ಸೇರಿ ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್. ರಾಯದುರ್ಗ 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿ ಬದಲಾಯಿತು, ಜಿಲ್ಲೆಯ ಹೆಸರು ಬದಲಾಯಿತು. ಮಳೆ ಮಾತ್ರ ಬದಲಾಗಲಿಲ್ಲ.

ಇಂಥ ಕಡೆ ಮೊಲದ ಕೊಂಬು ಹೇಗೆ ಬದುಕುತ್ತದೆ? ಹೆಚ್ಚಿನ ಗಿಡಗಳು ಹಗಲಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿ ಎಳೆದುಕೊಳ್ಳುತ್ತವೆ. ಆಗ ಒಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ಶೇಂಗಾ ಮಧ್ಯಾಹ್ನ ಬಾಡಿ ನಿಲ್ಲುವುದು ಇದರಿಂದಲೇ. ಮೊಲದ ಕೊಂಬು ಹಗಲೆಲ್ಲ ಬಾಗಿಲು ಹಾಕಿಕೊಂಡು ಕುಳಿತು, ರಾತ್ರಿ ತಂಪಾದ ಮೇಲೆ ತೆರೆಯುತ್ತದೆ. ರಾತ್ರಿ ಎಳೆದುಕೊಂಡ ಇಂಗಾಲಾಮ್ಲವನ್ನು ಹುಳಿಯ ರೂಪದಲ್ಲಿ ದಂಟಿನಲ್ಲಿ ಕೂಡಿಟ್ಟು, ಮರುದಿನ ಬಿಸಿಲು ಬಂದಾಗ ಬಾಗಿಲು ತೆರೆಯದೆಯೇ ಅಡುಗೆ ಮಾಡಿಕೊಳ್ಳುತ್ತದೆ. ಕತ್ತಾಳೆಯ ಮತ್ತು ಪಾಪಾಸುಕಳ್ಳಿಯ ಗುಟ್ಟೂ ಇದೇ. ದಂಟಿನ ತೂಕದಲ್ಲಿ ಬಹುಪಾಲು ನೀರೇ. ಆದುದರಿಂದಲೇ ಕುರಿ ಕಾಯುವವರು ಬೇಸಿಗೆಯಲ್ಲಿ ಇದರ ತುಂಡನ್ನು ಅಗಿದು ಬಾಯಾರಿಕೆಯನ್ನೂ ಹಸಿವನ್ನೂ ಅಡಗಿಸಿಕೊಳ್ಳುತ್ತಿದ್ದರು.

ನಮ್ಮಿಂದಾದ ತಪ್ಪು

2016ರಲ್ಲಿ ಆಗಸ್ಟ್ ತಿಂಗಳ ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ನಿಂತ ನೆಲದಲ್ಲೇ ಒಣಗಿದ್ದು ನಿಮಗೆಲ್ಲ ನೆನಪಿದೆ. ನಾವು ಆಗ ಮಡಕಶಿರಾ ಸೀಮೆಯಲ್ಲಿದ್ದೆವು. ಮನೆ ಮನೆಯಲ್ಲಿಯೂ ಸಾಲದ ಮಾತು, ಬೆಂಗಳೂರಿಗೆ ಗುಳೆ ಹೋಗುವ ಮಾತು. ಆ ದಿನಗಳಲ್ಲಿ ಒಬ್ಬ ವ್ಯಾಪಾರಿ ನಮ್ಮನ್ನು ಹುಡುಕಿಕೊಂಡು ಬಂದು, ತಾನು ಮೊಲದ ಕೊಂಬನ್ನು ಕೊಳ್ಳುವುದಾಗಿಯೂ ಜನರಿಗೆ ತಿಳಿಸಬೇಕೆಂದೂ ಕೇಳಿಕೊಂಡನು. ನಾಲ್ಕು ಮನೆಯ ಒಲೆ ಉರಿಯಲಿ ಎಂದು ನಾವೇ ಭಾನುವಾರ ಪೂಜೆಯ ನಂತರ ಪ್ರಕಟಣೆ ಮಾಡಿದೆವು. ಹೇಗೆ ಕೀಳಬೇಕು, ಎಷ್ಟು ಬಿಡಬೇಕು ಎಂಬ ಒಂದು ಮಾತೂ ಹೇಳಲಿಲ್ಲ. ಏಕೆಂದರೆ ನಮಗೇ ಗೊತ್ತಿರಲಿಲ್ಲ.

ಎರಡು ತಿಂಗಳಲ್ಲಿ ಗುಡ್ಡದ ಬೆನ್ನು ಬೋಳಾಯಿತು. ಬೇರು ಸಮೇತ ಕಿತ್ತರೆ ತೂಕ ಹೆಚ್ಚು ಬರುತ್ತದೆಂದು ಎಲ್ಲರೂ ಬೇರು ಸಮೇತ ಕಿತ್ತರು. ಹಸಿ ಗಿಡ ಚೀಲದಲ್ಲಿ ಕೊಳೆಯಿತೆಂದು ವ್ಯಾಪಾರಿ ಒಣಗಿಸಿ ತರಲು ಹೇಳಿದನು. ಒಣಗಿಸಿದರೆ ಹತ್ತು ಚೀಲ ಒಂದಾಯಿತು. ಕೂಲಿಯೂ ಹುಟ್ಟಲಿಲ್ಲ. ಕೊನೆಗೆ ಅವನು ಬರುವುದನ್ನೇ ನಿಲ್ಲಿಸಿದನು.

2018ರಲ್ಲಿ ಮತ್ತೆ ಬರ ಬಂತು. ಆಗ ಆ ಅಜ್ಜಿ ಬುಟ್ಟಿ ಹಿಡಿದು ಗುಡ್ಡಕ್ಕೆ ಹೋಗಿ ಬರಿಗೈಯಲ್ಲಿ ಇಳಿದು ಬಂದರು. ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಸುಧಾರಿಸಿಕೊಂಡು, "ನಮ್ಮ ಅತ್ತೆ ಕಾಲದಾಗೂ ಬರ ಬಂದಿತ್ತು ಸ್ವಾಮಿ. ಆಗ ಗುಡ್ಡ ಇತ್ತು" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ನಾವೂ ಇಬ್ಬರು ಹುಡುಗರೂ ಗುಡ್ಡ ಹತ್ತಿದೆವು. ಮಧ್ಯಾಹ್ನದವರೆಗೆ ಹುಡುಕಿದ ಮೇಲೆ ಒಂದು ಬಂಡೆಯ ಸೀಳಿನಲ್ಲಿ, ಕಾರೆ ಮುಳ್ಳಿನ ಪೊದೆಯ ನಡುವೆ ಒಂದು ಗುಂಪು ಸಿಕ್ಕಿತು. ಕೈ ಹಾಕಿದವರಿಗೆಲ್ಲ ಮುಳ್ಳು ಚುಚ್ಚಿ ವಾಪಸು ಕಳಿಸಿತ್ತು. ನಮಗೂ ಚುಚ್ಚಿತು. ಅಲ್ಲಿಂದ ಹನ್ನೆರಡು ತುಂಡು ಮಾತ್ರ ಕತ್ತರಿಸಿ ತಂದು ದೇವಾಲಯದ ಹಿತ್ತಲಿನಲ್ಲಿ ನೆಟ್ಟೆವು. ಉಪದೇಶಿಯವರು ಮಲ್ಲಿಗೆಗೆ ಹಾಕುವಂತೆ ದಿನಾ ಒಂದೊಂದು ತಂಬಿಗೆ ನೀರು ಹಾಕಿ, ಹದಿನೈದು ದಿನದಲ್ಲಿ ಒಂಬತ್ತು ಕೊಳೆತವು. ಉಳಿದ ಮೂರರಿಂದ ನಾವು ಕಲಿತದ್ದನ್ನೇ ಕೆಳಗೆ ಬರೆದಿದ್ದೇವೆ.

ಬೆಳೆಸುವ ಕ್ರಮ

ನೆಲ: ಗರಸು ಮಣ್ಣು, ಕಲ್ಲು ಸೇರಿದ ಮಸಾರಿ ನೆಲ, ಬದುವಿನ ಮೇಲಿನ ಕಲ್ಲಿನ ಸಾಲು, ಬಾವಿ ತೋಡಿದ ಕಲ್ಲು ರಾಶಿ ಹಾಕಿದ ಜಾಗ, ಇವು ತಕ್ಕವು. ಎರೆ ಭೂಮಿ ಬೇಡ, ನೀರು ನಿಂತು ಬೇರು ಕೊಳೆಯುತ್ತದೆ. ಹಗರಿ ದಂಡೆಯ ಬೊಮ್ಮನಹಾಳ, ಕಣೇಕಲ್ಲು ಕಡೆಯ ಹಾರುವ ಮರಳಿನಲ್ಲಿಯೂ ನೆಡಬೇಡಿ. ಇದರ ಬೇರು ಮೇಲೆ ಮೇಲೆಯೇ ಇರುವುದರಿಂದ ಮರಳು ಸರಿದರೆ ಗಿಡ ಕಿತ್ತುಬರುತ್ತದೆ, ಇಲ್ಲವೇ ಹೂತುಹೋಗುತ್ತದೆ. ಒಳ್ಳೆಯ ಬೆಳೆ ಬರುವ ನೆಲವನ್ನು ಇದಕ್ಕೆ ಬಿಡುವ ಅಗತ್ಯವೇ ಇಲ್ಲ. ಮನೆಗೆ ಒಂದು ಸೆಂಟು ಬರಡು ಜಾಗ ಸಾಕು.

ತುಂಡು: ಬಲಿತ ದಂಟನ್ನು ಹರಿತವಾದ ಕುಡುಗೋಲಿನಿಂದ ಅರ್ಧ ಗೇಣು ಉದ್ದಕ್ಕೆ ಕತ್ತರಿಸಿ. ಕತ್ತರಿಸಿದ ತಕ್ಷಣ ನೆಡಬಾರದು. ನೆರಳಿನಲ್ಲಿ ನಾಲ್ಕೈದು ದಿನ ಹರಡಿಟ್ಟರೆ ಕತ್ತರಿಸಿದ ಬಾಯಿ ಒಣಗಿ ಹೆಕ್ಕಳೆಗಟ್ಟುತ್ತದೆ. ಈ ಒಂದು ಕೆಲಸ ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ.

ನೆಡುವುದು: ಜೂನ್ ಜುಲೈಯಲ್ಲಿ ಒಂದೆರಡು ಹದ ಮಳೆ ಬಿದ್ದ ಮೇಲೆ ನೆಡಿ. ಎರಡು ಬೆರಳು ಆಳ ಸಾಕು. ತುಂಡಿನಿಂದ ತುಂಡಿಗೆ ಒಂದು ಅಡಿ ಅಂತರವಿರಲಿ. ಬುಡಕ್ಕೆ ಸಣ್ಣ ಕಲ್ಲು ಒತ್ತಿಡಿ. ತಲೆಕೆಳಗಾಗಿ ನೆಡದಂತೆ ಕತ್ತರಿಸುವಾಗಲೇ ಬುಡಕ್ಕೆ ಸುಣ್ಣದ ಗುರುತು ಹಚ್ಚಿಕೊಳ್ಳುವುದು ಒಳ್ಳೆಯದು.

ನೆರಳು: ಗುಡ್ಡದಲ್ಲಿ ಇದು ಬಯಲಿನಲ್ಲಿ ಒಂಟಿಯಾಗಿ ಬೆಳೆಯುವುದು ಕಡಿಮೆ. ಬಂದರಿಕೆ, ಕಾರೆ ಪೊದೆಗಳ ಬುಡದಲ್ಲಿ, ಬಂಡೆಯ ಮಗ್ಗುಲಲ್ಲಿ ಇರುತ್ತದೆ. ನೀವೂ ಪೊದೆಯ ಪೂರ್ವಕ್ಕೆ ನೆಟ್ಟರೆ ಬೆಳಗಿನ ಬಿಸಿಲು ಸಿಕ್ಕಿ ಮಧ್ಯಾಹ್ನದ ಬಿಸಿಲು ತಪ್ಪುತ್ತದೆ. ಪೂರ್ತಿ ನೆರಳಾದರೆ ದಂಟು ಸಣಕಲಾಗಿ ಬಾಗುತ್ತದೆ.

ನೀರು: ಮೊದಲ ಎರಡು ತಿಂಗಳು ಮಳೆ ಇಲ್ಲದಿದ್ದರೆ ಮಾತ್ರ ಹತ್ತು ದಿನಕ್ಕೊಮ್ಮೆ ಸ್ವಲ್ಪ ನೀರು. ಬೇರು ಹಿಡಿದ ಮೇಲೆ ಮಳೆಯೇ ಸಾಕು. ಬೇಸಿಗೆಯಲ್ಲಿ ದಂಟು ಸುಕ್ಕುಗಟ್ಟಿದರೆ ಗಾಬರಿಪಡಬೇಡಿ. ಮೊದಲ ಮಳೆಗೆ ತುಂಬಿಕೊಳ್ಳುತ್ತದೆ. ಗೊಬ್ಬರ ಬೇಕಾದರೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಹಿಡಿ. ಯೂರಿಯಾ ಬೇಡ, ದಂಟು ಮೆತ್ತಗಾಗಿ ಕೊಳೆಯುತ್ತದೆ.

ಬೀಜ: ಕಾಯಿ ಹಳದಿಗೆ ತಿರುಗಿದಾಗ ದಾರ ಸುತ್ತಿ ಕಟ್ಟಿದರೆ ಬೀಜ ಹಾರಿಹೋಗುವುದಿಲ್ಲ. ಹೊಸ ಬೀಜವನ್ನು ಗರಸು ತುಂಬಿದ ಕುಂಡದಲ್ಲಿ ಚೆಲ್ಲಿ ತೆಳ್ಳಗೆ ಮರಳು ಮುಚ್ಚಿದರೆ ಕೆಲವೇ ದಿನಗಳಲ್ಲಿ ಮೊಳೆಯುತ್ತದೆ. ಬೆಳವಣಿಗೆ ನಿಧಾನ. ಆದರೆ ಬೀಜದ ಗಿಡಗಳು ಒಂದೊಂದೂ ಒಂದೊಂದು ಗುಣದವು. ತುಂಡಿನ ಗಿಡಗಳೆಲ್ಲ ಒಂದೇ ತಾಯಿಯ ನೆರಳು. ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೆ ಬರುವ ಭಯವಿದೆ. ಆದ್ದರಿಂದ ಎರಡೂ ಇರಲಿ.

ಶತ್ರುಗಳು: ಮೊದಲನೆಯದು ಮೇಕೆ. ಮುಳ್ಳು ಬೇಲಿ ಇಲ್ಲದೆ ನೆಟ್ಟರೆ ಮೇಕೆಗೆ ನೆಟ್ಟಂತೆ. ಎರಡನೆಯದು ಹತ್ತಿಯಂತೆ ಅಂಟಿಕೊಳ್ಳುವ ಬಿಳಿ ಹಿಟ್ಟು ತಿಗಣೆ. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳು ಕಂಡರೆ ಅದು ಎಕ್ಕದ ಗಿಡದಲ್ಲಿಯೂ ಇರುವ ಚಿಟ್ಟೆಯ ಮರಿ. ಕೈಯಿಂದ ಎತ್ತಿ ಎಕ್ಕದ ಗಿಡಕ್ಕೇ ಬಿಟ್ಟುಬನ್ನಿ. ವಿಷ ಹೊಡೆಯಬೇಡಿ, ತಿನ್ನುವ ಗಿಡವಿದು.

ಕೊಯ್ಲು: ಮೊದಲ ವರ್ಷ ಮುಟ್ಟಬೇಡಿ. ಎರಡನೆಯ ವರ್ಷದಿಂದ ಹೂಕಾಯಿ ಮುಗಿದ ಮೇಲೆ ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಒಂದು ಗುಂಪಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಬೇರನ್ನು ಎಂದೂ ಕೀಳಬೇಡಿ.

ಆರೋಗ್ಯದ ಮಾತು

ಈ ಗಿಡಕ್ಕೆ ಹೊರದೇಶಗಳಲ್ಲಿ ಬೇಡಿಕೆ ಬಂದದ್ದು ಹಸಿವು ಅಡಗಿಸುವ ಗುಣದಿಂದ. ಮೈ ಇಳಿಸುವ ಮಾತ್ರೆಗಳಲ್ಲಿ ಇದರ ಸಾರ ಸೇರಿಸುತ್ತಾರೆ. ನಮ್ಮವರು ಹೊಟ್ಟೆಗಿಲ್ಲದಾಗ ಅಗಿಯುತ್ತಿದ್ದುದನ್ನು ಈಗ ಹೊಟ್ಟೆ ಹೆಚ್ಚಾದವರು ಹಣ ಕೊಟ್ಟು ನುಂಗುತ್ತಾರೆ. ಬೆಂಗಳೂರಿನ ನಮ್ಮ ಸಂತ ಜಾನರ ವೈದ್ಯಕೀಯ ಸಂಸ್ಥೆಯವರು ಇದನ್ನು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಐವತ್ತು ಮಂದಿ ವಯಸ್ಕರಲ್ಲಿ ಕೆಲವರಿಗೆ ದಿನಕ್ಕೆ ಒಂದು ಗ್ರಾಂ ಸಾರ, ಉಳಿದವರಿಗೆ ಔಷಧವಿಲ್ಲದ ಸುಳ್ಳು ಮಾತ್ರೆ, ಹೀಗೆ 60 ದಿನ ಕೊಟ್ಟರು. ಸಾರ ತಿಂದವರಲ್ಲಿ ಸೊಂಟದ ಸುತ್ತಳತೆಯೂ ಹಸಿವೂ ಕಡಿಮೆಯಾದವು. ಆದರೆ ತೂಕದಲ್ಲಿ ಎರಡು ಗುಂಪುಗಳ ನಡುವೆ ಖಚಿತ ವ್ಯತ್ಯಾಸ ಕಾಣಲಿಲ್ಲ. ಗಿಡಕ್ಕೆ ಗುಣವಿದೆ, ಆದರೆ ಪೊಟ್ಟಣದ ಮೇಲೆ ಬರೆಯುವಷ್ಟು ದೊಡ್ಡ ಮಹಿಮೆ ಇನ್ನೂ ಸಾಬೀತಾಗಿಲ್ಲ ಎಂದು ತಿಳಿಯಬೇಕು.

ನಮಗೆ ಇದರಿಂದ ಮೂರು ಪಾಠಗಳಿವೆ. ಮೊದಲನೆಯದು, ಹಸಿವು ಅಡಗುವುದು ಬೇರೆ, ಹೊಟ್ಟೆ ತುಂಬುವುದು ಬೇರೆ. ನೀರೇ ಹೆಚ್ಚಾಗಿರುವ ದಂಟು ಮುದ್ದೆಯ ಬದಲಿಯಲ್ಲ. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಇದನ್ನು ಕೊಡಬೇಡಿ. ಅವರಿಗೆ ಬೇಕಾದದ್ದು ಹಸಿವು, ಮತ್ತು ಆ ಹಸಿವಿಗೆ ಅನ್ನ. ಎರಡನೆಯದು, ಸಕ್ಕರೆ ಕಾಯಿಲೆಯವರು ಇದನ್ನು ನಂಬಿ ಮಾತ್ರೆ ಬಿಡಬಾರದು. ನಮ್ಮ ಪರಿಚಯದ ಒಬ್ಬ ಹಿರಿಯರು ಹಾಗೆ ಬಿಟ್ಟು, ಕಾಲಿನ ಗಾಯ ಮಾಗದೆ ಒಂದು ಬೆರಳು ಕಳೆದುಕೊಂಡರು. ಚಟ್ನಿ ತಿನ್ನಿ, ಮಾತ್ರೆಯನ್ನೂ ತಿನ್ನಿ, ಎರಡನ್ನೂ ವೈದ್ಯರಿಗೆ ಹೇಳಿ. ಮೂರನೆಯದು, ಸಾರದ ಪರೀಕ್ಷೆಯ ಫಲ ಹಸಿ ಗಿಡಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ. ಹೆಚ್ಚು ತಿಂದರೆ ಹೆಚ್ಚು ಗುಣವೆಂಬ ಲೆಕ್ಕ ಬೇಡ.

ಚಟ್ನಿಯ ಕ್ರಮ ಕೇಳುವ ತಾಯಂದಿರಿಗೆ: ಎಳೆಯ ತುದಿಗಳನ್ನು ತೊಳೆದು ಮೂಲೆಯ ನಾರು ತೆಗೆದು ಸಣ್ಣಗೆ ಹೆಚ್ಚಿ. ಉಪ್ಪು ಹಾಕಿದ ಮಜ್ಜಿಗೆಯಲ್ಲಿ ಒಂದು ಗಂಟೆ ನೆನೆಸಿ ಹಿಂಡಿದರೆ ಕಹಿ ತಗ್ಗುತ್ತದೆ. ಎಣ್ಣೆಯಲ್ಲಿ ಬಾಡಿಸಿ, ಹುರಿದ ಶೇಂಗಾ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪಿನೊಡನೆ ಒರಳಿನಲ್ಲಿ ರುಬ್ಬಿ. ಒಬ್ಬರಿಗೆ ಒಂದೆರಡು ಚಮಚೆ ಸಾಕು.

ಹಣ ಮತ್ತು ಕಾನೂನಿನ ಮಾತು

ಸಾಲ ಮಾಡಿ ಈ ಗಿಡ ಬೆಳೆಸಬೇಡಿ. ಶೇಂಗಾಕ್ಕೆ ಮಾರುಕಟ್ಟೆ ಯಾರ್ಡು ಉಂಟು, ಇದಕ್ಕಿಲ್ಲ. ಕೊಳ್ಳುವವನು ಬಂದರೆ ಒಣಗಿದ್ದೋ ಹಸಿಯೋ, ತೂಕ ಯಾರದು, ಹಣ ಯಾವಾಗ ಎಂಬುದನ್ನು ಕಾಗದದ ಮೇಲೆ ಬರೆಸಿಕೊಂಡು, ಒಬ್ಬೊಬ್ಬರೇ ಹೋಗದೆ ಗುಂಪಾಗಿ ಮಾತಾಡಿ. ಅರಣ್ಯ ಇಲಾಖೆಯ ಗುಡ್ಡದಿಂದ ಅನುಮತಿಯಿಲ್ಲದೆ ಕಿತ್ತು ಮಾರುವುದು ಅಪರಾಧ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯತಿ ಮಟ್ಟದಲ್ಲಿ ಜೀವವೈವಿಧ್ಯ ಸಮಿತಿ ಇರಬೇಕು. ನಿಮ್ಮ ಊರಿನ ಗಿಡಗಳ ದಾಖಲೆ ಪುಸ್ತಕದಲ್ಲಿ ಮೊಲದ ಕೊಂಬಿನ ಹೆಸರು ಇದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ. ಇಲ್ಲದಿದ್ದರೆ ಬರೆಸಿ.

ಹಾಗಾದರೆ ಲಾಭವೇನು ಎಂದು ಕೇಳುತ್ತೀರಿ. ಇದು ಪೆಟ್ಟಿಗೆ ತುಂಬುವ ಬೆಳೆಯಲ್ಲ, ಕಷ್ಟಕಾಲಕ್ಕೆ ಕೂಡಿಟ್ಟ ಗಂಟು. ಏನೂ ಬೆಳೆಯದ ವರ್ಷವೂ ಬದುವಿನ ಮೇಲೆ ಹಸಿರಾಗಿ ನಿಂತಿರುತ್ತದೆ. ಮಾರಲು ದಾರಿ ಸಿಕ್ಕಿದ ದಿನ, ನಿಮ್ಮ ಹಿತ್ತಲಿನದನ್ನು ಮಾರಬಹುದು, ಗುಡ್ಡವನ್ನು ಬರಿದು ಮಾಡಬೇಕಿಲ್ಲ.

ಉಳಿದ ಮೂರು ತುಂಡುಗಳು ಎರಡು ವರ್ಷಗಳಲ್ಲಿ ಒಂದು ಸಾಲಾದವು. ಅಲ್ಲಿಂದ ಹದಿನೇಳು ಮನೆಗಳಿಗೆ ಐದೈದು ತುಂಡು ಕೊಟ್ಟೆವು. ಒಂದೇ ಷರತ್ತು: ಬೆಳೆದ ಮೇಲೆ ಐದಕ್ಕೆ ಹತ್ತನ್ನು ಗುಡ್ಡಕ್ಕೆ ಹಿಂದಿರುಗಿಸಬೇಕು, ಅದೂ ಕಾರೆ ಮುಳ್ಳಿನ ಪೊದೆಯ ಒಳಗೇ ನೆಡಬೇಕು. ಎಲ್ಲರೂ ಹಿಂದಿರುಗಿಸಿಲ್ಲ. ಹನ್ನೊಂದು ಮನೆಯವರು ಹಿಂದಿರುಗಿಸಿದ್ದಾರೆ. ಉಳಿದವರ ಹೆಸರು ನಮಗೆ ನೆನಪಿದೆ, ಅವರಿಗೂ ನೆನಪಿದೆ.

ಈಗ ನಾವು ರಾಯದುರ್ಗ ಸೀಮೆಗೆ ಬಂದಿದ್ದೇವೆ. ಬರುವಾಗ ಒಂದು ಗೋಣಿಚೀಲದಲ್ಲಿ ಮೂವತ್ತು ತುಂಡು ತಂದು ಹಿತ್ತಲಿನ ಕಲ್ಲು ರಾಶಿಯ ಮೇಲೆ ನೆಟ್ಟಿದ್ದೇವೆ. ಜೂನ್ ತಿಂಗಳ ಮಳೆ ಬಿದ್ದ ಮೇಲಿನ ಮೊದಲ ಭಾನುವಾರ, ಬೇಕಾದವರು ಬಂದು ಐದೈದು ತುಂಡು ಕೊಂಡುಹೋಗಬಹುದು. ಷರತ್ತು ಅದೇ. ನಿಮ್ಮ ಕಡೆಯ ಗುಡ್ಡದಲ್ಲಿ ಇನ್ನೂ ಈ ಗಿಡವಿದ್ದರೆ ಎಲ್ಲಿದೆ ಎಂದು ನಮಗೂ ಹೇಳಬೇಡಿ. ಎಷ್ಟಿದೆ ಎಂದು ಮಾತ್ರ ಹೇಳಿ.

ಅಜ್ಜಿ ಈಗ ಇಲ್ಲ. ಕೊನೆಯ ಸಲ ಅವರನ್ನು ನೋಡಲು ಹೋದಾಗ ನಮ್ಮ ಹಿತ್ತಲಿನ ಮೊಲದ ಕೊಂಬಿನ ಚಟ್ನಿಯನ್ನೇ ಸೊಸೆಯ ಕೈಯಲ್ಲಿ ಮಾಡಿಸಿ ಕೊಂಡುಹೋಗಿದ್ದೆವು. ನಾಲಿಗೆಯ ಮೇಲಿಟ್ಟು ನೋಡಿ, "ನೀರು ಜಾಸ್ತಿ ಕುಡಿಸಿದ್ದೀರಿ ಸ್ವಾಮಿ, ಕಹಿ ಸಾಲದು" ಎಂದರು. ಆ ಮಾತನ್ನು ನೆನಪಿಟ್ಟು ಈಗ ನೀರನ್ನು ಇನ್ನೂ ಕಡಿಮೆ ಮಾಡಿದ್ದೇವೆ.